ಕಂತಿನಲ್ಲಿ ಬರುತ್ತಿದ್ದ ಮಳೆ: ಬಿಸಿಯಾಗುತ್ತಿರುವ ಕಾಲದಲ್ಲಿ ಕಾವೇರಿ ಕೊಳ್ಳದ ನೀರು

(ಮಂಡ್ಯದಲ್ಲಿ ರೈತರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಹುಟ್ಟಿ ಬೆಳೆದದ್ದು ಕೆಆರ್‌ಎಸ್‌ನಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದ ಒಂದು ಹಳ್ಳಿಯಲ್ಲಿ, ಮದ್ದೂರು ಕಡೆ. ಮಳೆಗಾಲದಲ್ಲಿ ಬಸ್ಸಿನಿಂದ ಪೇಪರ್ ಕಟ್ಟು ಇಳಿದ ಕೂಡಲೇ ಟೀ ಅಂಗಡಿಯಲ್ಲಿ ಎಲ್ಲರೂ ಮೊದಲು ಹುಡುಕುತ್ತಿದ್ದದ್ದು ಒಂದು ಸಣ್ಣ ಚೌಕವನ್ನು. ಕೆಆರ್‌ಎಸ್ ನೀರಿನ ಮಟ್ಟ. ಇವತ್ತು ಎಷ್ಟು ಅಡಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಓದು ಬಾರದವರು ಪಕ್ಕದವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. ಜುಲೈ ಬಂತು ಅಂದರೆ ‘ನೂರು ದಾಟ್ತಾ?’ ಅನ್ನೋದು ನಮ್ಮೂರಲ್ಲಿ ‘ಊಟ ಆಯ್ತಾ?’ ಅನ್ನೋದರಷ್ಟೇ ಸಾಮಾನ್ಯ ಮಾತು. ಪೂರ್ತಿ ಮಟ್ಟ 124.80 ಅಡಿ ಅನ್ನೋದು ಮಕ್ಕಳಿಗೂ ಮಗ್ಗಿಯ ಹಾಗೆ ಬಾಯಿಪಾಠ.

ಆ ಚೌಕದಲ್ಲಿ ನೀರು ಎಷ್ಟು ಬಂತು ಅನ್ನೋದು ಇರುತ್ತದೆ. ಹೇಗೆ ಬಂತು ಅನ್ನೋದು ಇರುವುದಿಲ್ಲ. ಎರಡು ತಿಂಗಳು ನಿಧಾನವಾಗಿ ಬಂತಾ, ಎರಡು ವಾರದಲ್ಲಿ ನುಗ್ಗಿ ಬಂತಾ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ‘ಹೇಗೆ’ ಬಗ್ಗೆ.

ಕಾವೇರಿ ತಲಕಾವೇರಿಯಿಂದ ಪೂಂಪುಹಾರ್‌ವರೆಗೆ ಸುಮಾರು 800 ಕಿಲೋಮೀಟರ್ ಹರಿಯುತ್ತದೆ. ಅದರ ಕೊಳ್ಳ 81 ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ. ಆದರೆ ಮುಂಗಾರಿನಲ್ಲಿ ಇಷ್ಟು ದೊಡ್ಡ ಕೊಳ್ಳಕ್ಕೆ ನೀರು ತುಂಬಿಸುವುದು ಪಶ್ಚಿಮ ಘಟ್ಟದ ಒಂದು ಕಿರಿದಾದ ಪಟ್ಟಿ. ಕೊಡಗು, ವಯನಾಡು, ಹಾಸನ ಮತ್ತು ಚಿಕ್ಕಮಗಳೂರಿನ ಮಲೆನಾಡು ಅಂಚು. ಭಾಗಮಂಡಲದಲ್ಲಿ ವರ್ಷದ ಮಳೆ 5 ಸಾವಿರ ಮಿಲಿಮೀಟರ್ ದಾಟುತ್ತದೆ. ಮಂಡ್ಯದಲ್ಲಿ 700ರ ಆಸುಪಾಸು. ನಾವು ಮಳೆ ನೆರಳಿನ ಜನ. ನಮ್ಮ ಗದ್ದೆಗೆ ಬರುವ ನೀರು ನಮ್ಮ ತಲೆ ಮೇಲಿನ ಮೋಡದ್ದಲ್ಲ, ಕೊಡಗಿನ ಮೋಡದ್ದು. ಕೆಳಗೆ ತಂಜಾವೂರಿನವರಿಗೆ ಅಕ್ಟೋಬರ್ ನಂತರ ಹಿಂಗಾರು ಇದೆ. ಅದು ಬರುವ ತನಕ ಅವರ ಕುರುವೈ ಭತ್ತವೂ ಅದೇ ಕೊಡಗಿನ ಮೋಡದ ದಾರಿ ಕಾಯುತ್ತಿರುತ್ತದೆ.

ಹಾಗಾಗಿ ಕೊಡಗಿನಲ್ಲಿ ಮಳೆ ಹೇಗೆ ಬದಲಾಗಿದೆ ಅಂತ ಮೊದಲು ನೋಡೋಣ.

ಅಲ್ಲಿನ ತೋಟದ ಮನೆಗಳಲ್ಲಿ ಮಳೆ ಅಳೆಯುವ ಅಭ್ಯಾಸ ಬಹಳ ಹಳೆಯದು. ಅಂಗಳದ ಮೂಲೆಯಲ್ಲಿ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಯಾರಾದರೊಬ್ಬರು ಹೋಗಿ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಇಬ್ಬರು ತೋಟದವರು ಫೋನಿನಲ್ಲಿ ಮಾತಾಡಿದರೆ ಮೊದಲ ಪ್ರಶ್ನೆ, ‘ನಿಮ್ಮಲ್ಲಿ ಎಷ್ಟು ಸೆಂಟು?’

ಕೆಲವು ವರ್ಷದ ಹಿಂದೆ ಮಡಿಕೇರಿ ಹತ್ತಿರ ಅಂಥ ಒಂದು ಮನೆಗೆ ಹೋಗಿದ್ದೆ. ಆ ಮನೆಯ ಹಿರಿಯ ಹೆಂಗಸು ತಮ್ಮ ಮಾವನ ಕಾಲದಿಂದ ಬಂದ ಮಳೆ ಪುಸ್ತಕಗಳನ್ನು ತಂದು ಮೇಜಿನ ಮೇಲೆ ಇಟ್ಟರು. ರಟ್ಟು ಬೂಷ್ಟು ಹಿಡಿದಿತ್ತು. ಒಳಗೆ ಮಸಿ ಇನ್ನೂ ಗಟ್ಟಿಯಾಗಿತ್ತು. ಹಳೆಯ ಪುಸ್ತಕದ ಜುಲೈ ಪುಟ ತೆರೆದರೆ ಒಂದು ಸಾಲೂ ಖಾಲಿ ಇಲ್ಲ. ದಿನವೂ ಒಂದು ಸಂಖ್ಯೆ. ಕೆಲವು ಸಣ್ಣವು, ಕೆಲವು ದೊಡ್ಡವು, ಆದರೆ ದಿನವೂ ಇದೆ. ಆಮೇಲೆ ಅವರು ಈಚಿನ ಪುಸ್ತಕ ತೆರೆದರು. ಅದೇ ಜುಲೈ. ಒಂದು ಅಡ್ಡಗೆರೆ, ಮತ್ತೊಂದು ಅಡ್ಡಗೆರೆ, ಹೀಗೆ ಸಾಲಾಗಿ ಮಳೆ ಇಲ್ಲದ ದಿನಗಳು. ನಡುವೆ ಒಂದು ಸಂಖ್ಯೆಗೆ ಕೆಂಪು ಪೆನ್ನಿನಲ್ಲಿ ಎರಡು ಸಲ ಗೀಟು ಎಳೆದಿದ್ದರು. ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿದೆ: ‘ಮಳೆ ಕಮ್ಮಿ ಆಯ್ತು ಅಂತ ನಾನು ಹೇಳಲ್ಲ. ಮಳೆಗೆ ಬಿಡುವು ಜಾಸ್ತಿ ಆಯ್ತು.’

ನಮ್ಮಲ್ಲಿ ಇದಕ್ಕೆ ಒಳ್ಳೆಯ ಪದ ಇದೆ, ಜಡಿಮಳೆ. ಜೋರಿಲ್ಲ, ಆದರೆ ಬಿಡುವುದೂ ಇಲ್ಲ. ಆರಿದ್ರಾ ಮಳೆ ಆರದೆ ಹುಯ್ಯುತ್ತೆ ಅಂತ ಹಿರಿಯರು ಹೇಳುತ್ತಿದ್ದದ್ದು ಆ ಮಳೆಯನ್ನೇ. ಕಾವೇರಿಯನ್ನು ಸಾಕಿದ್ದು ಜಡಿಮಳೆ. ಬಿರುಮಳೆ ಅಲ್ಲ.

ಯಾಕೆ ಹೀಗಾಗುತ್ತಿದೆ? ಇಲ್ಲಿ ಸ್ವಲ್ಪ ವಿಜ್ಞಾನ ಹೇಳಲೇಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಹುದಾದ ನೀರಾವಿ ಸುಮಾರು ಶೇಕಡಾ 7ರಷ್ಟು ಜಾಸ್ತಿಯಾಗುತ್ತದೆ. ಮೋಡದ ಕೊಡ ದೊಡ್ಡದಾಯಿತು ಅಂತ ಇಟ್ಟುಕೊಳ್ಳಿ. ದೊಡ್ಡ ಕೊಡ ತುಂಬೋಕೆ ಹೊತ್ತು ಹಿಡಿಯುತ್ತದೆ, ಅದೇ ಬಿಡುವು. ಮಗುಚಿದಾಗ ಒಂದೇ ಸಲ ಸುರಿಯುತ್ತದೆ, ಅದೇ ಪ್ರವಾಹ. ಕಾರ್ಖಾನೆ, ವಾಹನ, ಕಲ್ಲಿದ್ದಲಿನ ಹೊಗೆಯಿಂದ ಇಡೀ ಭೂಮಿಯ ಸರಾಸರಿ ತಾಪ ಈಗಾಗಲೇ ಒಂದು ಡಿಗ್ರಿಗಿಂತ ಮೇಲೆ ಏರಿದೆ. ಕಾರ್ಖಾನೆಗಳ ಕಾಲಕ್ಕೆ ಮುಂಚಿನ ತಾಪಕ್ಕಿಂತ ಒಂದೂವರೆ ಡಿಗ್ರಿ ದಾಟಿದ ಮೊದಲ ವರ್ಷ 2024. ನಮ್ಮ ಮುಂಗಾರಿಗೆ ನೀರು ಹೊತ್ತು ತರುವ ಅರಬ್ಬಿ ಸಮುದ್ರವೂ ಬಿಸಿಯಾಗಿದೆ.

ಕೇಂದ್ರದ ಭೂ ವಿಜ್ಞಾನ ಸಚಿವಾಲಯ 2020ರಲ್ಲಿ ಒಂದು ದೊಡ್ಡ ವರದಿ ತಂದಿತು. 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇ. 6ರಷ್ಟು ಇಳಿದಿದೆ, ಎದ್ದು ಕಾಣುವಷ್ಟು ಇಳಿದ ಜಾಗಗಳಲ್ಲಿ ಪಶ್ಚಿಮ ಘಟ್ಟವೂ ಒಂದು ಅಂತ ಅದರಲ್ಲಿದೆ. ಮುಂದೆ ಏನು? ಭೂಮಿ ಇನ್ನೂ ಬಿಸಿಯಾದರೆ ಮುಂಗಾರಿನ ಒಟ್ಟು ಮಳೆ ಜಾಸ್ತಿಯಾಗಬಹುದು ಅಂತಲೇ ಹೆಚ್ಚಿನ ಲೆಕ್ಕಾಚಾರಗಳು ಹೇಳುತ್ತವೆ. ಇದನ್ನು ಕೇಳಿ ಕೆಲವರು ಖುಷಿಪಡುತ್ತಾರೆ. ದಯವಿಟ್ಟು ಆತುರ ಬೇಡ. ಅದೇ ಲೆಕ್ಕಾಚಾರಗಳು ಏರುಪೇರೂ ಜಾಸ್ತಿಯಾಗುತ್ತದೆ ಅನ್ನುತ್ತವೆ. ವರ್ಷಕ್ಕೆ ಹತ್ತು ಮೂಟೆ ರಾಗಿ ಕೊಡ್ತೀನಿ ಅಂತ ಒಬ್ಬರು ಹೇಳಿ, ಹತ್ತನ್ನೂ ಒಂದೇ ರಾತ್ರಿ ಮನೆ ಮುಂದೆ ಮಳೆಯಲ್ಲಿ ಸುರಿದು ಹೋದರೆ ನಾವು ಹತ್ತು ಮೂಟೆಯನ್ನೂ ಉಂಡ ಹಾಗೆ ಆಗುತ್ತದಾ?

ಈಗ ನಮ್ಮ ಅಣೆಕಟ್ಟುಗಳ ಲೆಕ್ಕಕ್ಕೆ ಬರೋಣ. ಇದು ಬಹಳ ಜನ ಗಮನಿಸದ ಲೆಕ್ಕ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೆಆರ್‌ಎಸ್ ಹಿಡಿಯುವುದು 49.45 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಗೊರೂರಿನ ಹೇಮಾವತಿ 37.10. ಬೀಚನಹಳ್ಳಿಯ ಕಬಿನಿ 19.52. ಹಾರಂಗಿ 8.5. ನಾಲ್ಕೂ ಸೇರಿದರೆ 114 ಟಿಎಂಸಿಗಿಂತ ಚೂರು ಮೇಲೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ವರ್ಷಕ್ಕೆ ಕರ್ನಾಟಕದ ಪಾಲು 284.75 ಟಿಎಂಸಿ. ಅದರ ಮೇಲೆ ಗಡಿಯಲ್ಲಿ ನೀರು ಅಳೆಯುವ ಜಾಗವಾದ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಹರಿಯಬೇಕು. ಅಂದರೆ ನಮ್ಮ ನಾಲ್ಕು ದೊಡ್ಡ ಪಾತ್ರೆ ಒಂದು ಸಲ ತುಂಬಿದರೆ ಸಾಲುವುದೇ ಇಲ್ಲ. ತುಂಬಬೇಕು, ಬಳಸಬೇಕು, ಮತ್ತೆ ತುಂಬಬೇಕು. ಇಡೀ ವ್ಯವಸ್ಥೆ ನಿಂತಿರುವುದು ಮಳೆ ಕಂತಿನಲ್ಲಿ ಬರುತ್ತದೆ ಅನ್ನುವ ನಂಬಿಕೆಯ ಮೇಲೆ. ಜೂನ್ ಕೊನೆಗೆ ಒಂದು ಕಂತು, ಜುಲೈಯಲ್ಲಿ ಒಂದು, ಆಗಸ್ಟ್‌ನಲ್ಲಿ ಒಂದು. ನಾವು ನಾಲೆಗೆ ಬಿಡುತ್ತಾ ಹೋಗುತ್ತೇವೆ, ಕೊಡಗು ತುಂಬಿಸುತ್ತಾ ಹೋಗುತ್ತದೆ. 1911ರಲ್ಲಿ ಕೆಆರ್‌ಎಸ್ ಕೆಲಸ ಶುರುವಾದಾಗ ಆ ನಂಬಿಕೆ ಸರಿಯಾಗಿಯೇ ಇತ್ತು.

ಕಂತು ತಪ್ಪಿ ಎಲ್ಲಾ ಒಟ್ಟಿಗೆ ಬಂದರೆ ಏನಾಗುತ್ತದೆ ನೋಡಿ. ಒಂದು ಲಕ್ಷ ಕ್ಯೂಸೆಕ್ಸ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ಹೊರಹರಿವು ಅಂತ ಟಿವಿಯಲ್ಲಿ ಬರುತ್ತದೆ. ನಾವು ಗೇಟಿನಿಂದ ಹಾಲಿನ ಹಾಗೆ ಬೀಳುವ ನೀರನ್ನು ನೋಡೋಕೆ ಕುಟುಂಬ ಸಮೇತ ಹೋಗುತ್ತೇವೆ. ಒಂದು ಲಕ್ಷ ಕ್ಯೂಸೆಕ್ಸ್ ಇಪ್ಪತ್ನಾಲ್ಕು ಗಂಟೆ ಹರಿದರೆ 8.64 ಟಿಎಂಸಿ. ಒಂದು ಹಾರಂಗಿ ಜಲಾಶಯದಷ್ಟು ನೀರು ಒಂದೇ ದಿನದಲ್ಲಿ ಸೇತುವೆ ಕೆಳಗೆ ಹೋಯಿತು. ಅದನ್ನು ಹಿಡಿಯೋಕೆ ಜಾಗ ಇರಲಿಲ್ಲ. ಒಂದು ತಿಂಗಳಾದ ಮೇಲೆ ಅದೇ ನೀರಿಗೆ ನಾವು ಹೆದ್ದಾರಿಯಲ್ಲಿ ಕೂತಿರುತ್ತೇವೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳು ತೋಟ, ಮನೆ, ರಸ್ತೆ ಸಮೇತ ಜಾರಿದವು. 2019ರಲ್ಲಿ ವಿರಾಜಪೇಟೆ ಹತ್ತಿರದ ತೋರದಲ್ಲಿ ಹಾಗೇ ಆಯಿತು. ಅದೇ ಆಗಸ್ಟ್‌ನಲ್ಲಿ ಕಬಿನಿ ಉಕ್ಕಿ ನಂಜನಗೂಡಿಗೆ ನೀರು ನುಗ್ಗಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲೇ ಬೆಟ್ಟ ಕುಸಿದು ಅರ್ಚಕರ ಕುಟುಂಬ ಮಣ್ಣಿನಡಿ ಸಿಕ್ಕಿತು. ನದಿ ಹುಟ್ಟುವ ಜಾಗದಲ್ಲೇ! ಮೂರು ವರ್ಷ, ಮೂರು ಆಗಸ್ಟ್. ಆಮೇಲೆ 2023. ದೇಶದ ಮಳೆ ದಾಖಲೆಯಲ್ಲಿ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಒಂದೇ ತಿಂಗಳ ಹೆಸರು. ಒಂದು ವರ್ಷ ಗುಡ್ಡ ಕರಗುತ್ತದೆ, ಮತ್ತೊಂದು ವರ್ಷ ನಾಲೆ ಬಿರಿಯುತ್ತದೆ.

ಇದನ್ನು ಬಿಳಿಗುಂಡ್ಲುವಿನ ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಅಲ್ಲಿ ಸಾಮಾನ್ಯ ವರ್ಷಕ್ಕೆ ಹರಿಯಬೇಕಾದ್ದು 177.25 ಟಿಎಂಸಿ. 2022–23ರ ನೀರಿನ ವರ್ಷದಲ್ಲಿ 600 ಟಿಎಂಸಿಗೂ ಜಾಸ್ತಿ ಹರಿಯಿತು. ಮುಂದಿನ ವರ್ಷ 100 ಕೂಡ ಮುಟ್ಟಲಿಲ್ಲ. ಎರಡು ವರ್ಷದ ಸರಾಸರಿ ತೆಗೆದರೆ ಎಲ್ಲಾ ಚೆನ್ನಾಗಿದೆ ಅಂತ ಬರುತ್ತದೆ. ಆದರೆ ಸರಾಸರಿ ನೀರಿನಲ್ಲಿ ಯಾರೂ ನಾಟಿ ಮಾಡೋಕೆ ಆಗಲ್ಲ, ಅಲ್ವಾ?

ಕಾವೇರಿ ಜಲವಿವಾದ ನ್ಯಾಯಮಂಡಳಿ 2007ರ ಫೆಬ್ರವರಿಯಲ್ಲಿ ಅಂತಿಮ ಐತೀರ್ಪು ಕೊಟ್ಟಾಗ ಇಡೀ ಕಾವೇರಿಯಲ್ಲಿ 740 ಟಿಎಂಸಿ ನೀರು ಇದೆ ಅಂತ ಹಿಡಿಯಿತು. ಶೇ. 50ರ ಖಾತರಿಯಲ್ಲಿ. ಈ ಪದದ ಅರ್ಥ ಸರಳ. ಸುಮಾರು ಅರ್ಧದಷ್ಟು ವರ್ಷಗಳಲ್ಲಿ ಅಷ್ಟು ನೀರು ಇರುತ್ತದೆ, ಉಳಿದ ಅರ್ಧದಲ್ಲಿ ಇರುವುದಿಲ್ಲ. ಈ ಸಂಖ್ಯೆ ಬಂದದ್ದು ದಶಕಗಳ ಹಿಂದಿನ ಹರಿವಿನ ದಾಖಲೆಯಿಂದ. ಅದರ ಮೇಲೆ ಬಿಳಿಗುಂಡ್ಲುವಿನಲ್ಲಿ ಯಾವ ತಿಂಗಳು ಎಷ್ಟು ಹರಿಯಬೇಕು ಅಂತ ಪಟ್ಟಿ ಕಟ್ಟಿದ್ದಾರೆ. ಸುಪ್ರೀಂ ಕೋರ್ಟ್ ತೀರ್ಪಾದ ಮೇಲೆ ಅದು ಹೀಗಿದೆ: ಜೂನ್‌ನಲ್ಲಿ 9.19 ಟಿಎಂಸಿ, ಜುಲೈಯಲ್ಲಿ 31.24, ಆಗಸ್ಟ್‌ನಲ್ಲಿ 45.95, ಸೆಪ್ಟೆಂಬರ್‌ನಲ್ಲಿ 36.76. ಎಷ್ಟು ಅಚ್ಚುಕಟ್ಟು ನೋಡಿ. ಪಾಯಿಂಟ್ ಆದಮೇಲೆ ಎರಡು ಅಂಕಿ. ಆದರೆ ಈ ಪಟ್ಟಿಗೆ ಸಹಿ ಹಾಕಿದವರಲ್ಲಿ ಆಕಾಶ ಇಲ್ಲ.

ಮಳೆ ಕೈಕೊಟ್ಟ ವರ್ಷ ಕೊರತೆಯನ್ನು ಪಾಲಿನ ಪ್ರಮಾಣದಲ್ಲೇ ಹಂಚಿಕೊಳ್ಳಬೇಕು ಅಂತ ಐತೀರ್ಪಿನಲ್ಲೇ ಇದೆ. ಸರಿ, ಆದರೆ ಕೊರತೆ ಎಷ್ಟು, ಯಾವ ತಿಂಗಳಿಂದ ಎಣಿಸೋದು, ಹಿಂಗಾರು ಬರುವ ಸಾಧ್ಯತೆಯನ್ನು ಹೇಗೆ ಸೇರಿಸೋದು, ಇದಕ್ಕೆಲ್ಲಾ ಎರಡೂ ಕಡೆಯವರು ಮನಸಾರೆ ಒಪ್ಪಿದ ಸೂತ್ರ ಇಲ್ಲ. ಹಾಗಾಗಿ 2023ರಲ್ಲಿ ತಮಿಳುನಾಡಿಗೆ ಎಷ್ಟು ಬಿಡಬೇಕು ಅಂತ ಕಾವೇರಿ ನೀರು ನಿಯಂತ್ರಣ ಸಮಿತಿಯಲ್ಲಿ ಹದಿನೈದು ದಿನಕ್ಕೊಂದು ಸಲ ಸಭೆ, ಹದಿನೈದು ದಿನಕ್ಕೊಂದು ಆದೇಶ. 5 ಸಾವಿರ ಕ್ಯೂಸೆಕ್ಸ್, ಆಮೇಲೆ 3 ಸಾವಿರ, ಆಮೇಲೆ 2,600. ನಡುವೆ ಬೆಂಗಳೂರು ಬಂದ್, ಕರ್ನಾಟಕ ಬಂದ್. ಸೂತ್ರವನ್ನು ಮಾತಾಡಬೇಕಾದ್ದು ಕಟ್ಟೆ ತುಂಬಿ ಬಾಗಿನ ಕೊಟ್ಟ ವರ್ಷದಲ್ಲಿ. ಆ ವರ್ಷ ಯಾರಿಗೂ ಅದು ನೆನಪಾಗುವುದಿಲ್ಲ. ನನಗೆ ಬಹಳ ನೋವು ಕೊಡುವ ವಿಷಯ ಇದು. 2025ರಲ್ಲಿ ಕೆಆರ್‌ಎಸ್ ಜೂನ್ ತಿಂಗಳಲ್ಲೇ ತುಂಬಿತು, ಕಟ್ಟೆ ಕಟ್ಟಿದ ಮೇಲೆ ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು. ಎಲ್ಲರೂ ಸಂತೋಷಪಟ್ಟೆವು, ನಾನೂ ಪಟ್ಟೆ. ಆದರೆ ಜೂನ್‌ನಲ್ಲೇ ಪಾತ್ರೆ ತುಂಬಿದರೆ ಜುಲೈ, ಆಗಸ್ಟ್ ಮಳೆಗೆ ಜಾಗ ಎಲ್ಲಿ? ಬೇಗ ತುಂಬೋದು, ತಡವಾಗಿ ತುಂಬೋದು ಎರಡೂ ಹಳೆಯ ಕ್ಯಾಲೆಂಡರ್ ಹರಿದುಹೋದದ್ದರ ಗುರುತೇ.

ಈಗ ಒಂದು ಗದ್ದೆಗೆ ಹೋಗೋಣ.

2023ರ ಆಗಸ್ಟ್ ಮೂರನೇ ವಾರ ಊರಿಗೆ ಹೋಗಿದ್ದೆ. ನಮ್ಮ ಅತ್ತಿಗೆ ಒಟ್ಲಿನ, ಅಂದರೆ ಭತ್ತದ ಸಸಿಮಡಿಯ, ಬದುವಿನ ಮೇಲೆ ಕೂತಿದ್ದರು. ನಾಲೆಗೆ ನೀರು ಬರುತ್ತದೆ ಅನ್ನೋ ಮಾತು ನಂಬಿ ಒಟ್ಲು ಬಿಟ್ಟಿದ್ದರು. ಕಟ್ಟು ನೀರು ಅಂತ ಹದಿನೈದು ದಿನ ಬಿಟ್ಟು ಹದಿನೈದು ದಿನ ನಿಲ್ಲಿಸುವ ಲೆಕ್ಕ. ಮೇಲಿನ ಊರುಗಳಿಗೆ ನೀರು ಬಂತು. ಕೊನೆ ತೂಬಿಗೆ ಬರುವಷ್ಟರಲ್ಲಿ ದಿನ ಮುಗಿಯಿತು. ಒಟ್ಲಿಗೆ ನಲವತ್ತು ದಿನ ಆಗಿತ್ತು. ಪೈರಿನ ತುದಿ ಕೆಂಪಗೆ ಸುಟ್ಟಿತ್ತು. ಅತ್ತಿಗೆ ಒಂದು ಹಿಡಿ ಪೈರು ಕಿತ್ತು ಬುಡ ತೋರಿಸಿದರು. ಗೆಣ್ಣು ಬಂದಿತ್ತು. ಇಪ್ಪತ್ತೈದು ದಿನದ ಪೈರು ನೆಟ್ಟರೆ ಬುಡದಿಂದ ತೆಂಡೆ (ಮರಿಪೈರು) ಚೆನ್ನಾಗಿ ಒಡೆಯುತ್ತದೆ. ಗೆಣ್ಣು ಬಂದ ಪೈರು ನೆಟ್ಟರೆ ಎರಡು ಮೂರು ತೆಂಡೆ, ಅಷ್ಟೇ. ‘ಇನ್ನು ನೀರು ಬಂದ್ರೂ ಒಂದೇ, ಬರದಿದ್ರೂ ಒಂದೇ ಕಣಪ್ಪಾ’ ಅಂದರು. ಮಾರನೇ ದಿನ ಅದನ್ನು ಕೊಯ್ದು ಹಸುವಿಗೆ ಹಾಕಿದರು.

ವರ್ಷದ ಒಟ್ಟು ಮಳೆ ಎಷ್ಟು ಅನ್ನೋದಕ್ಕೂ ಆ ಒಟ್ಲಿಗೂ ಸಂಬಂಧವೇ ಇಲ್ಲ. ಅದಕ್ಕೆ ಬೇಕಾಗಿದ್ದದ್ದು ಆ ಹತ್ತು ದಿನದಲ್ಲಿ ಒಂದು ಅಂಗುಲ ನೀರು. ಹವಾಮಾನ ಬದಲಾವಣೆ ಅಂದರೆ ಹಿಮಗಡ್ಡೆ ಕರಗೋದು, ಹಿಮಕರಡಿ ಅಂತ ಪಠ್ಯಪುಸ್ತಕದಲ್ಲಿ ಓದುತ್ತೀರಿ. ಮಕ್ಕಳೇ, ನಮ್ಮ ಜಿಲ್ಲೆಯಲ್ಲಿ ಅದರ ಚಿತ್ರ ಹಾಕಬೇಕಾದರೆ ಗೆಣ್ಣು ಬಂದ ಆ ಪೈರಿನ ಚಿತ್ರ ಹಾಕಿ.

ಬಿಸಿಲಿನ ಕಡೆಯಿಂದಲೂ ಹೊಡೆತ ಇದೆ. ತಾಪ ಏರಿದಷ್ಟೂ ಜಲಾಶಯ, ನಾಲೆ, ಗದ್ದೆ ಮೂರರಿಂದಲೂ ಆವಿ ಜಾಸ್ತಿ. ಅದೇ ಭತ್ತಕ್ಕೆ, ಅದೇ ಕಬ್ಬಿಗೆ ಮುಂಚೆಗಿಂತ ಜಾಸ್ತಿ ನೀರು ಬೇಕು. ನಾಲೆಯಲ್ಲಿ ನೀರು ತಪ್ಪಿದಾಗ ಎಲ್ಲರೂ ಬೋರ್‌ವೆಲ್ ಕಡೆ ಓಡುತ್ತೇವೆ. ನಮ್ಮ ಕೆಳಗಿರುವುದು ಗಟ್ಟಿ ಬಂಡೆ. ಅದರ ಬಿರುಕಿನಲ್ಲಿ ಇರುವಷ್ಟೇ ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಸಾಲಾಗಿ ಒಣಗಿ ಟ್ಯಾಂಕರ್ ಮುಂದೆ ಜನ ನಿಂತದ್ದು ಹಿಂದಿನ ಮುಂಗಾರಿನ ಆ ಒಣ ಆಗಸ್ಟ್‌ನ ಬಾಕಿ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಕುಡಿಯುವ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು. ಎಲ್ಲಾ ಹಂತ ಸೇರಿದರೆ ಬೆಂಗಳೂರಿಗೆ ದಿನಕ್ಕೆ 220 ಕೋಟಿ ಲೀಟರಿಗೂ ಮೇಲೆ, ವರ್ಷಕ್ಕೆ ಸುಮಾರು 28 ಟಿಎಂಸಿ. ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ನೀರು. ಬೆಂಗಳೂರಿನವರು ಕುಡಿಯಬಾರದು ಅಂತ ನಾನು ಹೇಳುತ್ತಿಲ್ಲ, ನಮ್ಮ ಮಕ್ಕಳೇ ಅಲ್ಲಿರೋದು. ಬಳಸಿದ ನೀರನ್ನು ಚೆನ್ನಾಗಿ ಶುದ್ಧ ಮಾಡಿ ಮತ್ತೆ ಬಳಸಿ ಅಂತ ಮಾತ್ರ ಹೇಳುತ್ತೇನೆ. ಕೋಲಾರದ ಕೆರೆಗಳಿಗೆ ಸಂಸ್ಕರಿಸಿದ ನೀರು 2018ರಿಂದ ಹೋಗುತ್ತಿದೆ. ವೃಷಭಾವತಿಯಿಂದ ಅರ್ಕಾವತಿಗೆ ಬರುವ ನೊರೆ ನೀರನ್ನು ನೋಡಿದವರಿಗೆ ಇನ್ನೂ ಎಷ್ಟು ಕೆಲಸ ಬಾಕಿ ಇದೆ ಅಂತ ಗೊತ್ತು.

ಹಾಗಾದರೆ ಏನು ಮಾಡೋದು? ಮಳೆ ಕಂತಿನಲ್ಲಿ ಬರುವುದನ್ನು ಬಿಟ್ಟಿದ್ದರೆ, ಒಟ್ಟಿಗೆ ಬಂದದ್ದನ್ನು ಕಂತಾಗಿ ಬಿಡುವ ಏನಾದರೂ ನಮ್ಮ ಬಳಿ ಬೇಕು. ಅದು ಕೊಡಗಿನಲ್ಲಿ ಇದೆ. ಅದರ ಹೆಸರು ಮಣ್ಣು.

ಒಂದು ಲೆಕ್ಕ ಹೇಳುತ್ತೇನೆ. ಕೊಡಗು ಜಿಲ್ಲೆ 4,102 ಚದರ ಕಿಲೋಮೀಟರ್. ಅಷ್ಟು ಜಾಗದ ಮಣ್ಣು ಇನ್ನೊಂದೇ ಒಂದು ಇಂಚು ಮಳೆಯನ್ನು ಹೀರಿ ಇಟ್ಟುಕೊಂಡರೆ ಅದು ಮೂರೂವರೆ ಟಿಎಂಸಿಗೂ ಜಾಸ್ತಿ. ಜಿಲ್ಲೆಯ ಸ್ವಲ್ಪ ಭಾಗ ಪಶ್ಚಿಮಕ್ಕೆ ಹರಿಯುತ್ತದೆ, ಅದನ್ನು ಕಳೆದರೂ ಇದು ಸಣ್ಣ ಸಂಖ್ಯೆ ಅಲ್ಲ. ಎರಡು ಇಂಚು ಹೀರಿದರೆ ಹೆಚ್ಚುಕಮ್ಮಿ ಒಂದು ಹಾರಂಗಿ. ಸಿಮೆಂಟ್ ಬೇಡ, ಯಾರ ಮನೆಯೂ ಮುಳುಗೋದು ಬೇಡ. ಈ ಜಲಾಶಯ ಗೇಟ್ ಇಲ್ಲದೆ ತಾನಾಗಿ ನೀರು ಬಿಡುತ್ತದೆ, ನಿಧಾನವಾಗಿ, ಮಾರ್ಚ್ ತನಕ.

ಹೀರುವ ಶಕ್ತಿ ಎಲ್ಲಿಂದ ಬರುತ್ತದೆ? ಕಾಡಿನ ತರಗೆಲೆಯಿಂದ, ಆಳದ ಬೇರಿನಿಂದ, ಮರದ ನೆರಳಿನಿಂದ. ಕೊಡಗಿನಲ್ಲಿ 1,200ಕ್ಕೂ ಜಾಸ್ತಿ ದೇವರಕಾಡುಗಳಿವೆ. ಕಾಫಿ ತೋಟಗಳಲ್ಲೂ ನಾಡು ಮರದ ನೆರಳು ಇತ್ತು, ಅದನ್ನು ತೆಗೆದು ಬೇಗ ಬೆಳೆಯುವ ಸಿಲ್ವರ್ ಓಕ್ ಹಾಕಿದ ಕಡೆ ನೆಲದ ಗುಣ ಬದಲಾಯಿತು. ಇನ್ನು ಕಣಿವೆಯ ಭತ್ತದ ಗದ್ದೆಗಳು. ಒಂದೊಂದು ಗದ್ದೆಯೂ ಒಂದು ಸಣ್ಣ ಕೆರೆ, ಮಳೆಗಾಲ ಪೂರ್ತಿ ಬದು ಕಟ್ಟಿ ನೀರು ನಿಲ್ಲಿಸಿ ಇಂಗಿಸುತ್ತಿದ್ದವು. ಆಳು ಸಿಗಲ್ಲ, ಆನೆ ಕಾಟ, ಬೆಲೆ ಇಲ್ಲ ಅಂತ ಅವು ಹಡ್ಲು ಬಿದ್ದಿವೆ. ಕೆಲವು ಶುಂಠಿ ಹೊಲವಾಗಿವೆ, ಕೆಲವು ಸೈಟು, ಹೋಮ್‌ಸ್ಟೇ. ಗದ್ದೆ ಬಿಟ್ಟವರನ್ನು ನಾನು ಬೈಯುವುದಿಲ್ಲ. ನಷ್ಟದಲ್ಲಿ ಬೆಳೆಯಿರಿ ಅಂತ ಹೇಳುವ ಹಕ್ಕು ನಮಗೆ ಯಾರು ಕೊಟ್ಟರು? ಆದರೆ ಅವರ ಗದ್ದೆಯಲ್ಲಿ ಇಂಗಿದ ನೀರು ನಮ್ಮ ನಾಲೆಗೆ ಬರುತ್ತದೆ. ಹಾಗಿದ್ದ ಮೇಲೆ ಅವರ ಭತ್ತಕ್ಕೆ ಎಕರೆಗೆ ಇಷ್ಟು ಅಂತ ಕೆಳಗಿನವರು ಕೊಡುವುದು ನ್ಯಾಯ. ಬೆಂಗಳೂರಿನ ನೀರಿನ ಬಿಲ್ಲಿನಲ್ಲಿ ಅದಕ್ಕೊಂದು ಸಾಲು ಇರಲಿ ಅನ್ನೋದು ನನ್ನ ಬೇಡಿಕೆ.

ಇನ್ನೊಂದು ಸಣ್ಣ ವಿಷಯ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿಗೆ ಹೂಮಳೆ ಬೇಕು. ಅದು ನಂಬುವ ಹಾಗಿಲ್ಲ ಅಂತ ಆದ ಮೇಲೆ ತೋಟದವರು ಹೊಳೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾಕುತ್ತಾರೆ. ನದಿ ಅತಿ ಸಣ್ಣಗೆ ಹರಿಯುವ ಹೊತ್ತಿನಲ್ಲೇ ಎಲ್ಲಾ ಪಂಪುಗಳೂ ಒಟ್ಟಿಗೆ ಓಡುತ್ತವೆ. ಮಳೆಗಾಲದಲ್ಲಿ ತೋಟದೊಳಗೆ ಕೆರೆ ತುಂಬಿಸಿಕೊಂಡವರು ಹೊಳೆಗೆ ಹೋಗುವುದಿಲ್ಲ. ಅಂಥ ಕೆರೆಗೆ ಸಹಾಯಧನ ಕೊಟ್ಟರೆ ಅದು ನಮಗೂ ಕೊಟ್ಟ ಹಾಗೆ.

ನಮ್ಮ ಕಡೆಯ ಕೆಲಸವೂ ಇದೆ. ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತಿರಲೇಬೇಕು ಅನ್ನೋದು ಅಭ್ಯಾಸ, ಅಗತ್ಯ ಅಲ್ಲ. ಕಟ್ಟಿ, ಒಣಗಲು ಬಿಟ್ಟು, ಮತ್ತೆ ಕಟ್ಟಿದರೆ ನೀರು ಉಳಿಯುತ್ತದೆ, ಇಳುವರಿಗೆ ದೊಡ್ಡ ಪೆಟ್ಟು ಬೀಳಲ್ಲ. ಮೇಲ್ಭಾಗದವರು ರಾತ್ರಿಯಿಡೀ ತೂಬು ತೆಗೆದಿಟ್ಟು ಮಲಗಿದರೆ ಕೊನೆ ಭಾಗದವರ ಒಟ್ಲು ಹಸುವಿಗೆ ಹೋಗುತ್ತದೆ. ನಾಲೆ ನೀರು ಹಂಚುವ ನೀರುಗಂಟಿಯ ಕೆಲಸಕ್ಕೆ ಮತ್ತೆ ಗೌರವ, ಸಂಬಳ ಎರಡೂ ಬರಬೇಕು.

ಮತ್ತೆ ಕೆಳಗಿನವರ ಜೊತೆ ಮಾತು. 2003ರಲ್ಲಿ, ಭಾರಿ ಬರದ ನಡುವೆ, ಎರಡೂ ರಾಜ್ಯದ ರೈತರು ಸೇರಿ ‘ಕಾವೇರಿ ಕುಟುಂಬ’ ಅಂತ ಕಟ್ಟಿಕೊಂಡಿದ್ದರು. ಮಂಡ್ಯದವರು ತಂಜಾವೂರಿನ ಗದ್ದೆ ನೋಡಿದರು, ಅವರು ನಮ್ಮ ಗದ್ದೆ ನೋಡಿದರು. ಸರ್ಕಾರಗಳು ಅದನ್ನು ಕೈಹಿಡಿದು ಮುಂದೆ ತರಲಿಲ್ಲ. ಇವತ್ತು ಅದು ಇನ್ನೂ ಜಾಸ್ತಿ ಬೇಕು. ಆಕಾಶ ಹೀಗೆ ಆಡುವಾಗ ಜಗಳದ ಎರಡೂ ಕಡೆ ನಿಂತಿರುವುದು ಒಣಗಿದ ಪೈರು ಹಿಡಿದವರೇ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಆಮೇಲೆ ಬಂದ ಪ್ರಶ್ನೆಗಳು ಇವು.

ಒಬ್ಬ ವಿದ್ಯಾರ್ಥಿನಿ ಕೇಳಿದಳು, ‘ಸರ್, ಮೇಕೆದಾಟು ಕಟ್ಟಿದ್ರೆ ಈ ಸಮಸ್ಯೆ ಮುಗಿಯಲ್ವಾ?’

ಒಳ್ಳೆಯ ಪ್ರಶ್ನೆ ಕಣಮ್ಮಾ. ಅಲ್ಲಿ 67 ಟಿಎಂಸಿ ಹಿಡಿಯುವ ಯೋಜನೆ ಇದೆ. 2022ರಂಥ ವರ್ಷದ ನೀರನ್ನು ಹಿಡಿದು 2023ಕ್ಕೆ ಉಳಿಸಿಕೊಂಡಿದ್ದರೆ ಬೆಂಗಳೂರಿನ ಕುಡಿಯುವ ನೀರಿಗೆ ಸಹಾಯ ಆಗುತ್ತಿತ್ತು, ಅದನ್ನು ಅಲ್ಲಗಳೆಯೋದು ತಪ್ಪು. ಆದರೆ ಎರಡು ಮಾತು ನೆನಪಿಟ್ಟುಕೋ. ಮೇಕೆದಾಟು ನಮ್ಮ ನಾಲೆಗಳಿಗಿಂತ ಕೆಳಗಿದೆ. ಅಲ್ಲಿ ನಿಂತ ನೀರು ಮೇಲೆ ಹತ್ತಿ ಮದ್ದೂರಿನ ಕೊನೆ ತೂಬಿಗೆ ಬರುವುದಿಲ್ಲ. ಮತ್ತೆ ಅದಕ್ಕೆ ಮುಳುಗುವುದು ಸುಮಾರು 5 ಸಾವಿರ ಹೆಕ್ಟೇರ್, ಅದರಲ್ಲಿ ಹೆಚ್ಚಿನದು ಕಾಡು. ನೀರು ಹೀರುವ ನೆಲವನ್ನೇ ಕೊಟ್ಟು ನೀರು ಹಿಡಿಯುವ ಪಾತ್ರೆ ಕೊಳ್ಳುವ ಮೊದಲು ಮೇಲಿನ ಮಣ್ಣಿನ ಕೆಲಸ, ಬಳಸಿದ ನೀರಿನ ಕೆಲಸ ಮುಗಿಸಬೇಕು ಅನ್ನೋದು ನನ್ನ ಅಭಿಪ್ರಾಯ. ನೀನು ಬೇರೆ ತೀರ್ಮಾನಕ್ಕೆ ಬರಬಹುದು. ಲೆಕ್ಕ ಹಾಕಿ ಬಾ.

ಹಿಂದಿನ ಸಾಲಿನಲ್ಲಿ ಕೂತಿದ್ದ ಯಜಮಾನರೊಬ್ಬರು ಎದ್ದು ನಿಂತರು. ಹೆಗಲ ಮೇಲೆ ಟವೆಲ್. ‘ನೀವು ಹೇಳಿದ್ದೆಲ್ಲಾ ಸರಿ ಸ್ವಾಮಿ. ಈ ಸಲ ಒಟ್ಲು ಬಿಡ್ಲಾ ಬ್ಯಾಡ್ವಾ, ಅದನ್ನ ಹೇಳಿ.’

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇಡೀ ಸಂಜೆಯ ಅತಿ ಮುಖ್ಯ ಪ್ರಶ್ನೆ ಅದೇ.

‘ಯಜಮಾನ್ರೇ, ನಿಮ್ಮದು ಎಷ್ಟು ಎಕರೆ?’ ಅಂದೆ.

‘ಎರಡೂವರೆ. ಕೊನೆ ತೂಬು.’

‘ಪೂರ್ತಿ ಒಂದೇ ಬೆಳೆಗೆ ಕಟ್ಟಬೇಡಿ. ಒಂದು ಎಕರೆ ರಾಗಿಗೆ ಬಿಡಿ, ಅದು ಒಣ ದಿನ ತಡೆಯುತ್ತದೆ. ಇನ್ನರ್ಧ ಎಕರೆಗೆ ಅಲಸಂದೆ ಹಾಕಿ. ಉಳಿದದ್ದಕ್ಕೆ ಭತ್ತ ಬೇಕೇ ಬೇಕು ಅಂದರೆ ಒಟ್ಲೇ ಬೇಡ. ನೇರವಾಗಿ ಕೂರಿಗೆಯಲ್ಲಿ ಬಿತ್ತುವ ತಳಿ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಾರದಾ, ಎಂಎಎಸ್ 946-1 ಅಂತ. ರಾಗಿ ಹೊಲದ ಹಾಗೆ ಹದವಾಗಿ ತೇವ ಇದ್ದರೆ ಸಾಕು, ನೀರು ನಿಲ್ಲಿಸೋದು ಬೇಡ. ನಾಲೆ ನೀರು ಹತ್ತು ದಿನ ತಡವಾದರೂ ಪೈರು ಗೆಣ್ಣು ಬರುವ ಭಯ ಇಲ್ಲ. ಒಂದು ಮಾತು, ಕಳೆ ಜಾಸ್ತಿ ಬರುತ್ತೆ, ಮೊದಲ ತಿಂಗಳು ಬಿಡದೆ ತೆಗೀಬೇಕು.’

‘ಕಳೆ ಕೀಳೋಕೆ ಆಳೆಲ್ಲಿ?’ ಅಂದರು.

‘ಅದಕ್ಕೇ ಒಂದೇ ಎಕರೆ ಅಂದೆ. ಸಾಲು ಬಿಟ್ಟು ಬಿತ್ತಿ, ಎಡೆಕುಂಟೆ ಹೊಡೀಬಹುದು.’

ಅವರು ಸ್ವಲ್ಪ ಹೊತ್ತು ಯೋಚಿಸಿದರು. ‘ಶಾರದಾ’ ಅಂತ ತಮಗೆ ತಾವೇ ಒಂದು ಸಲ ಹೇಳಿಕೊಂಡರು. ಆಮೇಲೆ ಪಕ್ಕದ ಹುಡುಗನ ಕೈಯಿಂದ ಪೆನ್ನು ಇಸಿದುಕೊಂಡು, ಬೀಜ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಸಿಗುತ್ತಾ, ಯಾವಾಗ ಹೋದರೆ ಸಿಗುತ್ತೆ ಅಂತ ಕೇಳಿದರು.